ಊಹೆ ನಿಜವಾದರೆ ರಹಸ್ಯ ಕೆಡುತ್ತದೆಯೇ?

ಹೊಸ ಎಪಿಸೋಡು ಬಂದ ರಾತ್ರಿಯೇ ಅಪರಾಧಿ ಯಾರೆಂದು ಅಭಿಮಾನಿಗಳು ಊಹಿಸಿಬಿಟ್ಟರೆ ಧಾರಾವಾಹಿಯ ಮಜವೇ ಹೋಯಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಮೆರಿಕದ ‘ಪ್ರೆಟಿ ಲಿಟ್ಲ್ ಲೈಯರ್ಸ್’ (2010–2017) ನೋಡಿ. ನಾಲ್ವರು ಹುಡುಗಿಯರಿಗೆ ‘ಎ’ ಹೆಸರಿನಲ್ಲಿ ಬೆದರಿಕೆಯ ಮೆಸೇಜು ಕಳಿಸುತ್ತಿದ್ದವಳು ಮೋನಾ ಎಂದು 2012ರ ಮಾರ್ಚ್‌ನಲ್ಲಿ ಬಯಲಾಯಿತು. ಸಾರಾ ಶೆಪರ್ಡ್ ಅವರ ಮೂಲ ಕಾದಂಬರಿಗಳನ್ನು ಓದಿದವರಿಗೆ ಅದು ಮೊದಲೇ ಗೊತ್ತಿತ್ತು. ಆದರೂ ಆ ಕಂತು ಮೈ ಜುಮ್ಮೆನ್ನಿಸಿತು. ದಪ್ಪ ಕನ್ನಡಕ ಹಾಕಿಕೊಂಡು ಆ ಹುಡುಗಿಯರ ಗುಂಪಿನ ನಾಯಕಿ ಆಲಿಸನ್‌ಳ ಸ್ನೇಹಕ್ಕೆ ಹಾತೊರೆದು, ಎಲ್ಲರೆದುರು ಗೇಲಿಗೊಳಗಾಗುತ್ತಿದ್ದ ಹಳೆಯ ಮೋನಾಳನ್ನು ನಾವು ನೋಡಿದ್ದೆವು. ಅವಳ ಸಿಟ್ಟಿಗೆ ಬೇರು ಅಲ್ಲೇ ಇತ್ತು.

ಹಾಗಾದರೆ 2017ರ ಜೂನ್‌ನ ಕೊನೆಯ ಕಂತು? ಆ ನಾಲ್ವರಲ್ಲೊಬ್ಬಳಾದ ಸ್ಪೆನ್ಸರ್‌ಗೆ ಅವಳಿ ಇರಬೇಕೆಂದು ಅನೇಕರು ಮೊದಲೇ ಹೇಳಿದ್ದರು, ಅದು ನಿಜವೂ ಆಯಿತು, ಆದರೂ ಬಹಳ ಮಂದಿಗೆ ನಿರಾಸೆಯಾಯಿತು. ಊಹೆಯೇ ಕೆಡಿಸಿತು ಎನ್ನಲು ಇದನ್ನೇ ತೋರಿಸುತ್ತಾರೆ. ನಿಜವಾದ ಕೊರತೆ ಬೇರೆ. ಅಪರಾಧಿಯಾಗಿ ಬಂದ ಆ ಅವಳಿ, ಅಲೆಕ್ಸ್ ಡ್ರೇಕ್ ಎಂಬ ವ್ಯಕ್ತಿಯ ಪರಿಚಯವೇ ನಮಗಿರಲಿಲ್ಲ. ಅವಳ ಬಾಲ್ಯ, ಅಸೂಯೆ, ಲಂಡನ್ನಿನ ಬದುಕು ಎಲ್ಲವನ್ನೂ ಕಡೇ ಗಳಿಗೆಯಲ್ಲಿ ಅವಳ ಬಾಯಿಂದಲೇ ಗಡಿಬಿಡಿಯಲ್ಲಿ ಹೇಳಿಸಿದರು. ಏಳು ಸೀಸನ್ ಜತೆಗಿದ್ದ ವೀಕ್ಷಕರು ಸುಳಿವು ಹುಡುಕಿದ್ದು ತಪ್ಪಲ್ಲ. ಅವರ ಹುಡುಕಾಟಕ್ಕೆ ತಕ್ಕ ಪಾತ್ರವನ್ನು ಬರಹಗಾರರು ಮೊದಲೇ ಬೆಳೆಸಬೇಕಿತ್ತು.