ವ್ಯಾಪ್ತಿ ಪ್ರದೇಶದ ಹೊರಗೆ

ನಮ್ಮ ಹಿರಿಯ ಅಕ್ಕನವರು ಬೈಲಹೊಂಗಲದಲ್ಲಿ ಲಿಂಗೈಕ್ಯರಾದ ವಾರ್ತೆ ನಮಗೆ ಮುಟ್ಟಿದ್ದು ಮರುದಿನ ಮಧ್ಯಾಹ್ನ. ಆರ್.ಟಿ. ನಗರದ ಬಂಧುವೊಬ್ಬರು ಸ್ಕೂಟರಿನಲ್ಲಿ ಬಂದು ತಿಳಿಸಿದರು. ಆ ವೇಳೆಗೆ ಅಲ್ಲಿ ಸಮಾಧಿಕ್ರಿಯೆ ಮುಗಿಯುತ್ತ ಬಂದಿತ್ತು. ಸೋದರಳಿಯ ರಾತ್ರಿಯಿಡೀ ಕರೆ ಮಾಡಿದ್ದನಂತೆ. ಅವನಿಗೆ ದೊರೆತ ಉತ್ತರ ಒಂದೇ: ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ನಾವಾದರೋ ಗಂಗಾನಗರದ ಮನೆಯಲ್ಲಿಯೇ ಇದ್ದೆವು. ಇಷ್ಟಲಿಂಗ ಪೂಜೆಗೆ ಕುಳಿತಾಗಲೂ ಫೋನು ಪಕ್ಕದ ಕೋಣೆಯಲ್ಲಿಯೇ ಇತ್ತು.

ನಮ್ಮದು ನೆಲಮಹಡಿಯ ಹಳೆಯ ಮನೆ. ಸುತ್ತಲೂ ನಾಲ್ಕಂತಸ್ತಿನ ಕಟ್ಟಡಗಳೆದ್ದ ಮೇಲೆ ಒಳಗೆ ಸಿಗ್ನಲ್ ಬರುವುದು ನಿಂತಿತು. ಮೊದಲಿನ 900 ಮೆಗಾಹರ್ಟ್ಸ್ ಅಲೆಗಳು ಗೋಡೆಯನ್ನು ಹೊಕ್ಕಷ್ಟು ಸುಲಭವಾಗಿ ಈಗಿನ 2300, 3300 ಮೆಗಾಹರ್ಟ್ಸ್ ಅಲೆಗಳು ಹೊಗಲಾರವು. ಆದ್ದರಿಂದ ಮನೆಯ ವೈಫೈ ಮೂಲಕವೇ ಕರೆಗಳು ಬರುವಂತೆ ಮೊಮ್ಮಗ ಏರ್ಪಾಟು ಮಾಡಿಕೊಟ್ಟಿದ್ದ. ಹಿಂದಿನ ಸಂಜೆಯ ಗಾಳಿಮಳೆಗೆ ಕೊಂಬೆ ಮುರಿದು, ಅದಕ್ಕೆ ಸುತ್ತಿದ್ದ ಅಂತರ್ಜಾಲದ ತಂತಿ ಹರಿದು ಬಿತ್ತು. ಅಂತರ್ಜಾಲ ಇಲ್ಲವೆಂಬುದು ನಮಗೆ ತಿಳಿದಿತ್ತು. ಕರೆಗಳೂ ಅದರೊಡನೆಯೇ ನಿಂತಿವೆಯೆಂಬುದು ಮಾತ್ರ ಹೊಳೆಯಲಿಲ್ಲ. ನಮ್ಮ ತಪ್ಪೂ ಉಂಟು. ತಾಮ್ರದ ತಂತಿಯ ಹಳೆಯ ದೂರವಾಣಿ ಮನೆಯಲ್ಲಿ ವಿದ್ಯುತ್ ಹೋದಾಗಲೂ ವಿನಿಮಯ ಕೇಂದ್ರದ ವಿದ್ಯುತ್ತಿನಿಂದಲೇ ನಡೆಯುತ್ತಿತ್ತು. ಅದನ್ನು ದಂಡದ ಖರ್ಚೆಂದು ನಾವೇ ಬಿಡಿಸಿದ್ದೆವು.

ದೂರು ಕೊಟ್ಟೆವು, ಸಂಖ್ಯೆಯೊಂದು ದೊರೆಯಿತು. ಎರಡನೆಯ ದಿನ ದೂರು ಪರಿಹಾರವಾಗಿದೆಯೆಂಬ ಸಂದೇಶ ಮೊಮ್ಮಗನ ಫೋನಿಗೆ ಬಂದಿತು. ಆಗ ತಂತಿ ಇನ್ನೂ ರಸ್ತೆಯಲ್ಲಿ ಬಿದ್ದಿತ್ತು! ಐದನೆಯ ದಿನ ಹುಡುಗನೊಬ್ಬ ಬಂದು, ಅದನ್ನು ಮತ್ತೆ ಅದೇ ಮರಕ್ಕೆ ಕಟ್ಟಿ ಹೋದ. ಅವನ ಮೇಲೆ ನಮಗೆ ಸಿಟ್ಟಿಲ್ಲ. ದಿನಕ್ಕೆ ಎಷ್ಟೋ ಬೀದಿಗಳನ್ನು ಅವನೊಬ್ಬನೇ ಸುತ್ತಬೇಕು. ನೀರು ಸಹ ಕುಡಿಯದೆ ಹೊರಟನು. ಆದರೆ ಬಿಲ್ಲು ಪೂರ್ಣ ತಿಂಗಳಿಗೇ ಬಂದಿತು. ಐದು ದಿನಗಳ ಹಣವನ್ನು ಕಳೆಯಿರೆಂದರೆ ಅದಕ್ಕೆ ಅವಕಾಶವಿಲ್ಲವೆಂಬ ಉತ್ತರ. ಆಯ್ದಕ್ಕಿ ಮಾರಯ್ಯನವರು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದ ಕಥೆಯನ್ನು ನಾವು ಎಷ್ಟೋ ಸಭೆಗಳಲ್ಲಿ ಹೇಳಿದ್ದೇವೆ. ಮಾಡದ ಕೆಲಸಕ್ಕೆ ಪಡೆದ ಹಣ ಕಾಯಕದ ಹಣವಲ್ಲ.

ಇಂಥದನ್ನು ಸಹಿಸಿಕೊಂಡು ಹೋಗುವುದೇ ದೊಡ್ಡತನವೆಂದು ನಾವು ತಿಳಿದಿದ್ದೆವು. ಅಕ್ಕನವರ ಮುಖವನ್ನು ಕಡೆಯ ಬಾರಿ ಕಾಣದೆ ಹೋದ ಮೇಲೆ ಹಾಗೆನಿಸುವುದಿಲ್ಲ. ಹುಡುಕುತ್ತ ಹೋದಾಗ ಕೆಲವು ಸಂಗತಿಗಳು ತಿಳಿದವು. 1997ರಲ್ಲಿ ಸ್ಥಾಪಿತವಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಬಿಡಿ ಗ್ರಾಹಕರ ದೂರನ್ನು ವಿಚಾರಿಸುವುದಿಲ್ಲ. ಮೊದಲು ಕಂಪನಿಯ ದೂರು ಕೇಂದ್ರಕ್ಕೆ, ಅನಂತರ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬೇಕು. ಕಡಿತಗೊಂಡ ಕರೆಗೆ ಒಂದು ರೂಪಾಯಿಯಂತೆ, ದಿನಕ್ಕೆ ಮೂರು ರೂಪಾಯಿ ಮೀರದಂತೆ ಪರಿಹಾರ ಕೊಡಿಸಲು ಪ್ರಾಧಿಕಾರವು 2015ರಲ್ಲಿ ನಿಯಮ ಮಾಡಿತ್ತು. ಸರ್ವೋಚ್ಚ ನ್ಯಾಯಾಲಯವು 2016ರ ಮೇ ತಿಂಗಳಲ್ಲಿ ಅದನ್ನು ರದ್ದುಪಡಿಸಿತು. 2024ರ ನಿಯಮದಂತೆ ಜಿಲ್ಲೆಯ ಮಟ್ಟದಲ್ಲಿ 24 ಗಂಟೆಗೂ ಮೀರಿ ಸೇವೆ ನಿಂತರೆ ಚಂದಾದಾರರಿಗೆ ರಿಯಾಯಿತಿಯುಂಟು. ನಮ್ಮ ಓಣಿ ಜಿಲ್ಲೆಯಲ್ಲವಷ್ಟೆ!

ಆದರೂ ಒಂದು ಬಾಗಿಲು ತೆರೆದಿದೆ. ದೂರವಾಣಿಯ ವ್ಯಾಜ್ಯಗಳು ಗ್ರಾಹಕ ವೇದಿಕೆಗೆ ಸಲ್ಲವೆಂದು 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತ್ತು. 2022ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯವು ಖಾಸಗಿ ಮೊಬೈಲ್ ಕಂಪನಿಯ ವಿರುದ್ಧ ಗ್ರಾಹಕರು ಅಲ್ಲಿಗೆ ಹೋಗಬಹುದೆಂದು ತೀರ್ಪು ಕೊಟ್ಟಿತು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲ. ವಕೀಲರಿಲ್ಲದೆ ನಾವೇ ನಿಂತು ಹೇಳಿಕೊಳ್ಳಬಹುದು. ಸಲಹೆಗೆ 1915 ಎಂಬ ಸಂಖ್ಯೆಯುಂಟು. ಅದಕ್ಕೆ ಕರೆ ಮಾಡಲೂ ನಾವು ಅಂಗಳಕ್ಕೆ ಹೋಗಿ ನಿಲ್ಲಬೇಕಾಯಿತು.

ಬಿಲ್ಲುಗಳನ್ನೂ ದೂರಿನ ಸಂಖ್ಯೆಯನ್ನೂ, ಪರಿಹಾರವಾಗಿದೆಯೆಂಬ ಆ ಸಂದೇಶದ ಪ್ರತಿಯನ್ನೂ ಇಟ್ಟು ಅರ್ಜಿ ಸಿದ್ಧಪಡಿಸಿದ್ದೇವೆ. ಹಾನಿಗೆ ಎಷ್ಟು ಪರಿಹಾರ ಬೇಕೆಂದು ಬರೆಯುವ ಕಡೆ ಬಂದಾಗ ಎರಡು ದಿನ ಲೇಖನಿ ಮುಂದೆ ಸಾಗಲಿಲ್ಲ. ಕಡೆಗೆ ಐದು ದಿನಗಳ ಬಾಡಿಗೆಯನ್ನಷ್ಟೇ ಬರೆದೆವು.