ಉಮರ್ಗಾದ ಪಂಚನಾಮೆ, ಬಸವಕಲ್ಯಾಣದ ಕೋರ್ಟು

ಪುಣೆಯಿಂದ ಮಚಲೀಪಟ್ಟಣಕ್ಕೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಮಹಾರಾಷ್ಟ್ರದ ಉಮರ್ಗಾ ದಾಟಿ ನಮ್ಮ ಬೀದರ ಜಿಲ್ಲೆಗೆ ಬರುತ್ತದೆ. ಸಸ್ತಾಪುರ ಬಂಗ್ಲಾ, ರಾಜೇಶ್ವರ, ಹುಮನಾಬಾದ್ ಮುಟ್ಟಿ ತೆಲಂಗಾಣದ ಜಹೀರಾಬಾದಿನ ದಾರಿ ಹಿಡಿಯುತ್ತದೆ. ಬೀದರದಿಂದ ಕಲಬುರಗಿಗೆ ಹೋಗುವ 50ನೇ ಹೆದ್ದಾರಿ ಹುಮನಾಬಾದಿನಲ್ಲಿ ಅದನ್ನು ಕೂಡುತ್ತದೆ. ಗಾಡಿಗಳಿಗೆ ಮೂರು ರಾಜ್ಯ ಒಂದೇ ರಸ್ತೆ, ಸತ್ತವನ ಕಾಗದಪತ್ರಕ್ಕೆ ಹಾಗಲ್ಲ. ಉಮರ್ಗಾದ ಹತ್ತಿರ ಬೈಕಿಗೆ ಲಾರಿ ಹೊಡೆದರೆ ಎಫ್‌ಐಆರ್, ಪಂಚನಾಮೆ ಮರಾಠಿಯಲ್ಲಿ. ಜಹೀರಾಬಾದಿನ ಹತ್ತಿರ ಆದರೆ ಫಿರ್ಯಾದಿ ತೆಲುಗಿನಲ್ಲಿ. ಬಂಗ್ಲಾದಲ್ಲೇ ಬಿದ್ದು ಸೋಲಾಪುರದ ದವಾಖಾನೆಯಲ್ಲಿ ಜೀವ ಬಿಟ್ಟರೆ ಅಪಘಾತ ಕನ್ನಡದಲ್ಲಿ, ಸಾವು ಮರಾಠಿಯಲ್ಲಿ ದಾಖಲಾಗುತ್ತದೆ.

ವಕೀಲರು ಯಾರು ಎಂಬ ಮಾತು ನಮ್ಮಲ್ಲಿ ಶವಾಗಾರದ ಬಾಗಿಲಲ್ಲೇ ಶುರುವಾಗುತ್ತದೆ. ಪೋಸ್ಟ್‌ಮಾರ್ಟಮ್ ಮುಗಿಯುವ ಮುಂಚೆ ಒಬ್ಬ ಪರಿಚಿತ ಮುಖ ಬಂದು ನಿಲ್ಲುತ್ತದೆ. ನಮ್ಮ ಜಾತಿಯವನೋ, ಪಕ್ಕದೂರಿನವನೋ, ಠಾಣೆಯಲ್ಲಿ ಓಡಾಡುವವನೋ. “ಕಾಕಾ, ಖರ್ಚಿನ ಚಿಂತಿ ಬಿಡ್ರಿ. ನಮ್ಮ ವಕೀಲ್ ಸಾಹೇಬ್ರು ಎಲ್ಲಾ ನೋಡ್ಕೊಂತಾರ. ಬಂದದ್ದರಾಗ ಇಷ್ಟು ಕೊಟ್ರ ಆಯ್ತು” ಎನ್ನುತ್ತಾನೆ. ಹೆಣ ಇನ್ನೂ ಒಳಗಿದೆ, ಹೊರಗೆ ವಕಾಲತ್ತಿಗೆ ಸಹಿ ಬೀಳುತ್ತದೆ. ಕೆಲಸ ಹುಡುಕಿಕೊಂಡು ಕಕ್ಷಿದಾರರ ಹಿಂದೆ ಹೋಗಬಾರದು, ದಲ್ಲಾಳಿಗಳನ್ನು ಬಿಡಬಾರದು ಎಂದು ಬಾರ್ ಕೌನ್ಸಿಲ್‌ನ ನಿಯಮವೇ ಇದೆ. ಹೀಗೆ ತಾನಾಗಿ ಬಂದವರ ಹೆಸರನ್ನು ನಾನಂತೂ ಮೊದಲು ಹೊಡೆದುಹಾಕುತ್ತೇನೆ.

ವಕೀಲರಿಗಿಂತ ಮುಂಚೆ ತೀರ್ಮಾನ ಆಗಬೇಕಾದದ್ದು ಕೋರ್ಟು ಯಾವ ಊರಿನದು ಎಂಬುದು. ಅಪಘಾತ ಎಲ್ಲಾಯಿತೋ ಅಲ್ಲೇ ಪರಿಹಾರದ ಕೇಸು ಹಾಕಬೇಕೆಂದು ನಮ್ಮ ಜನ ನಂಬಿದ್ದಾರೆ. ಆ ನಂಬಿಕೆಯ ಮೇಲೆ ಎಷ್ಟೋ ಮನೆಯವರು ವರ್ಷಗಟ್ಟಲೆ ಪರರಾಜ್ಯದ ಬಸ್ಸು ಹತ್ತಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮು ಬೇರೆಯದನ್ನೇ ಹೇಳುತ್ತದೆ. ಅಪಘಾತವಾದ ಸ್ಥಳ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ಮಾಡುವ ಊರು, ಎದುರುದಾರರು ಇರುವ ಊರು, ಇವುಗಳಲ್ಲಿ ಯಾವುದಾದರೂ ಆದೀತು, ಆಯ್ಕೆ ಅರ್ಜಿದಾರರದು. ಗಂಡ ನಳದುರ್ಗದಲ್ಲಿ ಸತ್ತಿದ್ದರೂ ಬಸವಕಲ್ಯಾಣದ ಹೆಂಡತಿ ಬಸವಕಲ್ಯಾಣದಲ್ಲೇ, ಹುಮನಾಬಾದಿನವಳು ಹುಮನಾಬಾದಿನಲ್ಲೇ ಅರ್ಜಿ ಹಾಕಬಹುದು. “ಅಪಘಾತ ಆದಲ್ಲೇ ಹಾಕಬೇಕು, ಬೇರೆ ದಾರಿ ಇಲ್ಲ” ಎಂದು ಯಾವ ವಕೀಲರಾದರೂ ಹೇಳಿದರೆ, ಒಂದೋ ಅವರಿಗೆ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಾಗುವುದು ಬೇಕಿಲ್ಲ. ಎರಡಕ್ಕೂ ಒಂದು ನಮಸ್ಕಾರ ಹೇಳಿ ಎದ್ದುಬಿಡುವುದು ಒಳ್ಳೆಯದು.

ಇದರಲ್ಲಿ ಗಡಿಯ ಮನೆಗಳಿಗೇ ಮೀಸಲಾದ ಒಂದು ಸಿಕ್ಕು ಇದೆ. 1956ರವರೆಗೆ ಉದಗೀರ, ನಿಲಂಗಾ, ಜಹೀರಾಬಾದ್ ಎಲ್ಲ ಬೀದರ ಜಿಲ್ಲೆಯವೇ. ರಾಜ್ಯಗಳು ಹರಿದು ಹಂಚಿದರೂ ಕೊಡು-ಕೊಳ್ಳುವ ಬಳಗ ಹಾಗೇ ಉಳಿದಿದೆ. ಮಗ ಸತ್ತ ಮೇಲೆ ಸೊಸೆ ಮಕ್ಕಳನ್ನು ಕರೆದುಕೊಂಡು ನಿಲಂಗಾದ ತವರಿಗೆ ಹೋಗುತ್ತಾಳೆ, ಅತ್ತೆ ಬಸವಕಲ್ಯಾಣದಲ್ಲಿ ಉಳಿಯುತ್ತಾಳೆ. ಸೊಸೆಯ ಅಣ್ಣ ನಿಲಂಗಾದಲ್ಲೊಬ್ಬ ವಕೀಲರನ್ನು ಹಿಡಿಯುತ್ತಾನೆ, ಇಲ್ಲಿ ಮೈದುನ ಇನ್ನೊಬ್ಬರನ್ನು. ಒಂದೇ ಸಾವಿಗೆ ಎರಡು ಅರ್ಜಿ. ಇಂಥದ್ದು ಬೇರೆ ಬೇರೆ ಹೈಕೋರ್ಟುಗಳ ವ್ಯಾಪ್ತಿಯಲ್ಲಿ ನಡೆದರೆ ಮೊದಲು ದಾಖಲಾದ ಅರ್ಜಿ ಉಳಿಯಬೇಕು, ಹಿಂದಿನಿಂದ ಬಂದದ್ದು ಅಲ್ಲಿಗೇ ವರ್ಗವಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಹೇಳಿತು. ಯಾರು ಮೊದಲು ಹಾಕಿದರೋ ಅವರ ಊರು, ಅವರ ಕೋರ್ಟಿನ ಭಾಷೆ. ಸೋತ ಕಡೆಯ ಮುದುಕಿ ಎಪ್ಪತ್ತರ ವಯಸ್ಸಿನಲ್ಲಿ ತಾರೀಖಿಗೆ ನಿಲಂಗಾಕ್ಕೆ ಹೋಗಬೇಕು. ಅದಕ್ಕೇ ಒಳ್ಳೆಯ ವಕೀಲರು ಮೊದಲ ದಿನವೇ ಮನೆಯಲ್ಲಿ ಯಾರ‍್ಯಾರಿದ್ದಾರೆ, ಸೊಸೆ ಎಲ್ಲಿದ್ದಾಳೆ ಎಂದು ವಿಚಾರಿಸುತ್ತಾರೆ. ಅತ್ತೆ, ಸೊಸೆ, ಮಕ್ಕಳು ಎಲ್ಲರೂ ಒಂದೇ ಅರ್ಜಿಯಲ್ಲಿ ಬರುವಂತೆ ನೋಡುತ್ತಾರೆ. ಒಪ್ಪದವರನ್ನು ಎದುರುದಾರರೆಂದಾದರೂ ಸೇರಿಸಬೇಕೆಂದು ಕಾಯ್ದೆಯೇ ಹೇಳುತ್ತದೆ.

ಊರು ಗೊತ್ತಾದ ಮೇಲೆ ವಕೀಲರ ಪರೀಕ್ಷೆ. ನಮ್ಮ ಭಾಗದಲ್ಲಿ ದೊಡ್ಡ ಹೆಸರಿನ ಭ್ರಮೆ ಜಾಸ್ತಿ. ಹೈದರಾಬಾದಿನವರು ಬಂದರೆ ಜಡ್ಜ್ ಸಾಹೇಬರು ಎದ್ದು ಕೂಡುತ್ತಾರೆ ಎಂಬ ಮಾತು ನಿಜಾಮನ ಕಾಲದಿಂದ ಉಳಿದದ್ದಿರಬೇಕು. ನನ್ನ ಪರೀಕ್ಷೆ ಬಹಳ ಸಣ್ಣದು: ಮರಾಠಿ ಪಂಚನಾಮೆಯನ್ನು ಅವರ ಮುಂದಿಟ್ಟು ನೋಡುವುದು. ಕೆಲವರು ಮೇಲಿನ ಎಫ್‌ಐಆರ್ ನಂಬರು ಬರೆದುಕೊಂಡು ಮುನಶಿಯ ಕೈಗೆ ದಾಟಿಸುತ್ತಾರೆ. ಕೆಲವರು ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೆ ಓದುತ್ತಾರೆ.

ಕೋರ್ಟಿನೆದುರಿನ ಚಹಾದಂಗಡಿಯಲ್ಲಿ ಒಬ್ಬ ಹಿರಿಯ ವಕೀಲರು ಹಾಗೆ ಓದುವುದನ್ನು ನೋಡಿದ್ದೇನೆ. ಎದುರಿಗೆ ಸತ್ತವನ ತಮ್ಮ, ಅವನ ಕೈಯಲ್ಲಿ ಪ್ಲಾಸ್ಟಿಕ್ ಚೀಲ. ವಕೀಲರು ರಸ್ತೆಯ ಅಗಲ ಓದಿದರು, ಬ್ರೇಕಿನ ಗುರುತು ಎಷ್ಟು ಉದ್ದ ಎಂಬುದನ್ನು ಓದಿದರು, ಆಮೇಲೆ ಒಂದು ಸಾಲಿಗೆ ಬೆರಳಿಟ್ಟು ನಿಂತರು. ಮೋಟಾರ್‌ಸೈಕಲ್ಲಿನವನು ಒಮ್ಮೆಲೇ ಬಲಕ್ಕೆ ತಿರುಗಿಸಿದ್ದರಿಂದ ಎಂದು ಪೊಲೀಸರು ಬರೆದಿದ್ದರು.

“ತಮ್ಮಾ, ಇದನ್ನ ಯಾರ್ ಹೇಳ್ಯಾರ?”

“ಗೊತ್ತಿಲ್ರಿ. ಲಾರಿ ಡ್ರೈವರ್ ಅಷ್ಟೇ ಇದ್ದ ಅಲ್ಲಿ.”

“ಹಂಗಾರ ನಿಮ್ಮ ಅಣ್ಣ ಯಾಕ ಬಲಕ್ಕ ತಿರುಗಿದ? ಪೆಟ್ರೋಲ್ ಪಂಪ್ ಇತ್ತಾ, ರಸ್ತಾ ಇತ್ತಾ? ನಾಳೆನೇ ಹೋಗಿ ನೋಡ್ಕೊಂಡು ಬಾ. ಫೋಟೊ ತಗೊಂಡು ಬಾ.”

ವಿಮಾ ಕಂಪನಿಯ ವಕೀಲರು ಹಿಡಿಯುವುದು ಆ ಸಾಲನ್ನೇ. ಸತ್ತವನದೂ ಅರ್ಧ ತಪ್ಪು ಎಂದು ಸಾಧಿಸಿದರೆ ಪರಿಹಾರವೂ ಅರ್ಧ ಆಗುತ್ತದೆ. ಮರಾಠಿ ಕಾಗದವನ್ನು ಕನ್ನಡಕ್ಕೋ ಇಂಗ್ಲಿಷಿಗೋ ಭಾಷಾಂತರ ಮಾಡಿಸಿ ಕೋರ್ಟಿಗೆ ಹಾಕಬೇಕಾಗುತ್ತದೆ. ಮಾಡಿಸುವಾಗ ಮೊದಲ ಸಲ ಓದುವ ವಕೀಲರಿಗೂ ಅರ್ಜಿ ಬರೆಯುವ ಮುಂಚೆಯೇ ಓದಿದವರಿಗೂ ಇರುವ ವ್ಯತ್ಯಾಸ ಪಾಟೀಸವಾಲಿನ ದಿನ ಕಾಣುತ್ತದೆ.

ಹೆಸರಿನ ತಂಟೆ ಇನ್ನೊಂದು. ಆಚೆ ಬಿರಾಜದಾರ, ಈಚೆ ಬಿರಾದಾರ, ಮನೆತನ ಒಂದೇ. ಮಹಾರಾಷ್ಟ್ರದ ಪೊಲೀಸರು ಹೆಸರಿನ ನಡುವೆ ಅಪ್ಪನ ಹೆಸರು ಸೇರಿಸುತ್ತಾರೆ, ನಮ್ಮ ರೇಷನ್ ಕಾರ್ಡಿನಲ್ಲಿ ಅದಿರುವುದಿಲ್ಲ. ಶಾಲೆಯ ದಾಖಲೆ ಮರಾಠಿ ಮಾಧ್ಯಮದ್ದು, ಆಧಾರ್ ಕನ್ನಡ-ಇಂಗ್ಲಿಷಿನದು, ಎರಡರಲ್ಲೂ ವಯಸ್ಸು ಬೇರೆ ಬೇರೆ. ಹುಟ್ಟಿದ ತಾರೀಖಿಗೆ ಆಧಾರ್ ಪುರಾವೆಯಲ್ಲ, ಶಾಲೆ ಬಿಟ್ಟ ಸರ್ಟಿಫಿಕೇಟಿಗೆ ಹೆಚ್ಚು ಬೆಲೆ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಒಂದು ಪರಿಹಾರದ ಪ್ರಕರಣದಲ್ಲಿ ಹೇಳಿದೆ.

ವಯಸ್ಸಿಗೆ ಇಷ್ಟು ಒದ್ದಾಟ ಯಾಕೆಂದರೆ ಹಣ ಅದರ ಮೇಲೇ ನಿಂತಿದೆ. 2009ರ ಸರ್ಲಾ ವರ್ಮಾ ತೀರ್ಪು ವಯಸ್ಸಿಗೊಂದು ಗುಣಕ ಕೊಟ್ಟಿತು, 2017ರ ಪ್ರಣಯ್ ಸೇಠಿ ತೀರ್ಪು ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಯನ್ನೂ ಸೇರಿಸಲು ಹೇಳಿತು. ತಿಂಗಳಿಗೆ 15,000 ರೂಪಾಯಿ ಗಳಿಸುತ್ತಿದ್ದ 34ರ ಒಬ್ಬ ಗೌಂಡಿ ಎಂದು ಇಟ್ಟುಕೊಳ್ಳಿ. 40 ದಾಟಿಲ್ಲ, ಸ್ವಂತ ದುಡಿಮೆ, ಹಾಗಾಗಿ ಶೇ 40 ಸೇರಿಸಿ 21,000. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಂದು ನಾಲ್ವರು ಅವಲಂಬಿತರಿದ್ದರೆ ಅವನ ಸ್ವಂತ ಖರ್ಚಿಗೆ ಕಾಲು ಭಾಗ ತೆಗೆದು 15,750. ವರ್ಷಕ್ಕೆ 1,89,000. ಗುಣಕ 16. ಒಟ್ಟು 30,24,000. ಆಧಾರಿನಲ್ಲಿ 36 ಎಂದಿದ್ದು ಅದನ್ನೇ ಹಿಡಿದರೆ ಗುಣಕ 15ಕ್ಕೆ ಇಳಿದು 1,89,000 ಹೋಯಿತು. ವಕೀಲರು ತಾಯಿಯನ್ನು ಬಿಟ್ಟು ಅರ್ಜಿ ಬರೆದರೆ ಅವಲಂಬಿತರು ಮೂವರಾದರು, ಕಾಲಿನ ಬದಲು ಮೂರನೆಯ ಒಂದು ಭಾಗ ಕಡಿತ, 3,36,000 ಹೋಯಿತು. ದೊಡ್ಡ ವಾದವೇನೂ ಬೇಕಾಗಿಲ್ಲ, ಮನೆಯವರನ್ನು ಕೂಡಿಸಿಕೊಂಡು ಸರಿಯಾಗಿ ಕೇಳಿದ್ದರೆ ಸಾಕಿತ್ತು.

ಅದೇ ಗೌಂಡಿ ಅಫಿಡವಿಟ್ಟಿನಲ್ಲಿ ‘ಕೂಲಿ’ ಆಗಿಬಿಡುವುದನ್ನೂ ಕಂಡಿದ್ದೇನೆ. ಟೈಪಿಸ್ಟಿಗೆ ನಮ್ಮ ಊರಿನ ಗಂಡಸರೆಲ್ಲ ಕೂಲಿಗಳೇ. ಹೆಂಗಸು ಮನೆಯಲ್ಲಿ ಮರಾಠಿ ಆಡುತ್ತಾಳೆ, ಬಜಾರಿನಲ್ಲಿ ದಖನಿ ಉರ್ದು. ಅವಳ ಅಫಿಡವಿಟ್ಟು ಗ್ರಾಂಥಿಕ ಕನ್ನಡದಲ್ಲಿ, ಪಾಟೀಸವಾಲು ಮೈಸೂರು ಸೀಮೆಯಿಂದ ಬಂದ ಕನ್ನಡದಲ್ಲಿ, ತೀರ್ಪು ಇಂಗ್ಲಿಷಿನಲ್ಲಿ. “ನಿಮ್ಮ ಪತಿಯವರು ವೃತ್ತಿಯಲ್ಲಿ ಕೂಲಿಕಾರ್ಮಿಕರಾಗಿದ್ದರು ಎಂದರೆ ಸರಿಯೇ?” ಎಂದು ಕೇಳಿದರೆ ಆಕೆ ‘ಹೌದ್ರಿ’ ಎನ್ನುತ್ತಾಳೆ. ಜಡ್ಜ್ ಸಾಹೇಬರ ಮುಂದೆ ಹೌದು ಎನ್ನುವುದೇ ಮರ್ಯಾದೆ ಎಂದು ಅವಳ ಎಣಿಕೆ. ಹಿಂದಿನ ದಿನ ಅಫಿಡವಿಟ್ಟನ್ನು ಅವಳ ಭಾಷೆಯಲ್ಲಿ ಓದಿ ಹೇಳಿ, ಅರ್ಥವಾಗದ್ದಕ್ಕೆ ಅರ್ಥವಾಗಲಿಲ್ಲ ಎನ್ನು ಅಕ್ಕಾ ಎಂದು ತಾಳ್ಮೆಯಿಂದ ತಿದ್ದುವ ವಕೀಲರು ಸಿಕ್ಕರೆ ಹೆಸರು ಸಣ್ಣದಿದ್ದರೂ ಬಿಡಬೇಡಿ. ಬಸವಕಲ್ಯಾಣ, ಹುಮನಾಬಾದ್ ಎರಡೂ ಊರುಗಳಲ್ಲಿ ಮೂರು-ನಾಲ್ಕು ಭಾಷೆ ಆಡುವ ವಕೀಲರಿಗೆ ಬರ ಇಲ್ಲ. ಕೂತು ಓದಿ ಹೇಳುವ ಪುರುಸೊತ್ತಿಗೇ ಬರ.

ಫೀಸಿನ ವಿಷಯ. ಬಂದದ್ದರಲ್ಲಿ ಶೇಕಡಾ ಇಷ್ಟು ಎಂಬ ಕರಾರು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದೇ ಕಾನೂನು ಎಂದು ಜನ ತಿಳಿದಿದ್ದಾರೆ. ಬಾರ್ ಕೌನ್ಸಿಲ್ ನಿಯಮದಲ್ಲಿ ಅದು ನಿಷಿದ್ಧ. ಪಕ್ಕದ ತೆಲಂಗಾಣದಲ್ಲಿ, ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಮಹಿಳೆಯಿಂದ ಫೀಸಿನ ಬಾಬತ್ತು ಪಡೆದ ಚೆಕ್ಕು ಬೌನ್ಸ್ ಆಯಿತೆಂದು ಅವರ ವಕೀಲರೇ ಅವರ ಮೇಲೆ ಕೇಸು ಹಾಕಿದ್ದರು. ಪರಿಹಾರದ ಹಣದಲ್ಲಿ ಪಾಲು ಕೇಳುವುದು ವೃತ್ತಿಧರ್ಮಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಆ ಕೇಸನ್ನು ರದ್ದು ಮಾಡಿತು. ಹಾಗೆಂದು ಪುಕ್ಕಟೆ ಯಾರೂ ದುಡಿಯುವುದಿಲ್ಲ, ದುಡಿಯಬಾರದು ಕೂಡ. ಮೊತ್ತ ಇಷ್ಟು, ಯಾವ ಹಂತಕ್ಕೆ ಎಷ್ಟು, ಭಾಷಾಂತರ ಮತ್ತು ಸರ್ಟಿಫೈಡ್ ನಕಲಿನ ಖರ್ಚು ಯಾರದು ಎಂದು ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿ. ಖಾಲಿ ಚೆಕ್ಕು, ಖಾಲಿ ಬಾಂಡ್ ಪೇಪರಿಗೆ ಸಹಿ ಹಾಕಲೇಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕು 1987ರ ಕಾಯ್ದೆಯಲ್ಲೇ ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು.

ವಕೀಲರೇ ಬೇಕಿಲ್ಲದ ಸಂದರ್ಭವೂ ಒಂದಿದೆ. ಗುದ್ದಿದ ಗಾಡಿಯ ಪತ್ತೆ ಸಿಗದೇ ಹೋದರೆ ಸಾವಿಗೆ 2 ಲಕ್ಷ ರೂಪಾಯಿಯ ಸರಕಾರಿ ಯೋಜನೆ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅರ್ಜಿ ಕಂದಾಯ ಅಧಿಕಾರಿಗಳ ಹತ್ತಿರ, ಮಂಜೂರಾತಿ ಜಿಲ್ಲಾಧಿಕಾರಿಗಳಿಂದ. ಇದಕ್ಕೂ ಕಮಿಷನ್ ಕೇಳುವವರಿದ್ದಾರೆ.

ಎದುರುದಾರರು ಯಾರು ಎಂಬುದರಲ್ಲೂ ವಕೀಲರ ಕೈ ಕಾಣುತ್ತದೆ. 2022ರ ನವೆಂಬರಿನಲ್ಲಿ ಚಿಟಗುಪ್ಪ ತಾಲ್ಲೂಕಿನ ಬೇಮಳಖೇಡ ಬಳಿ ಲಾರಿ-ಆಟೊ ಡಿಕ್ಕಿಯಾಗಿ, ಹೊಲದ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಏಳು ಮಂದಿ ಹೆಣ್ಣುಮಕ್ಕಳು ಸತ್ತರು. ಆಟೊದಲ್ಲಿ ಪಾಲಿಸಿಗಿಂತ ಹೆಚ್ಚು ಜನ ಕೂತಿದ್ದರು ಎಂಬ ತಕರಾರು ಇಂಥ ಡಿಕ್ಕಿಗಳಲ್ಲಿ ಬಂದೇ ಬರುತ್ತದೆ. ಎರಡೂ ಗಾಡಿಗಳ ತಪ್ಪಿದ್ದಾಗ ಪ್ರಯಾಣಿಕರ ಮನೆಯವರು ಪೂರ್ತಿ ಪರಿಹಾರವನ್ನು ಯಾವುದೇ ಒಂದು ಕಡೆಯಿಂದ ವಸೂಲು ಮಾಡಬಹುದು ಎಂದು 2015ರ ಖೆನ್ಯೇಯಿ ತೀರ್ಪು ಹೇಳುತ್ತದೆ. ಹಾಗಾಗಿ ಎರಡೂ ಮಾಲೀಕರನ್ನು, ಎರಡೂ ವಿಮಾ ಕಂಪನಿಗಳನ್ನು ಅರ್ಜಿಯಲ್ಲಿ ಸೇರಿಸುವುದು ಜಾಣತನ. ಹೆಂಗಸು ಸತ್ತಾಗ ಹೊಲದ ಕೂಲಿಯನ್ನಷ್ಟೇ ಬರೆದು ಮನೆಗೆಲಸ ಬಿಡುವವರೂ ಇದ್ದಾರೆ. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕೆಂದು 2021ರ ಕೀರ್ತಿ ತೀರ್ಪು ಬಂದಮೇಲೆ ಆ ಮರೆವಿಗೆ ಕ್ಷಮೆ ಇಲ್ಲ.

ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆಂಬ ಗಡುವು 2022ರ ಏಪ್ರಿಲ್‌ನಿಂದ ಇದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೂ ಅದರ ಭರವಸೆಯ ಮೇಲೆ ಕೂರುವುದು ಬೇಡ. ವರ್ಷದ ತಿಥಿ ಮುಗಿಯಲಿ ಎನ್ನುವ ಹಿರಿಯರಿಗೆ ಇದನ್ನು ಮೊದಲೇ ಹೇಳಬೇಕು. ಲೋಕ ಅದಾಲತ್ತಿನಲ್ಲಿ ರಾಜಿಗೆ ಕರೆದರೆ ಮೇಲಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿಸಿಕೊಂಡೇ ಹೋಗಿ. ಅಲ್ಲಿ ಒಪ್ಪಿ ಸಹಿ ಹಾಕಿದ್ದಕ್ಕೆ ಅಪೀಲು ಇಲ್ಲ. ಕೋರ್ಟಿನ ತೀರ್ಪಿನ ಮೇಲಾದರೆ 90 ದಿನದೊಳಗೆ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಬಹುದು. ಅಲ್ಲಿ ಯಾರು ನಡೆಸುತ್ತಾರೆ, ಇವರೇನಾ ಬೇರೆಯವರಾ ಎಂಬುದನ್ನು ವಕಾಲತ್ತಿಗೆ ಸಹಿ ಹಾಕುವ ದಿನವೇ ಕೇಳಿಟ್ಟುಕೊಳ್ಳಿ. ನಡುವೆ ಮನಸ್ಸು ಮುರಿದರೆ ವಕೀಲರನ್ನು ಬದಲಿಸಬಹುದು. ಫೀಸು ಬಾಕಿ ಇದೆ ಎಂದು ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಮರಾಠಿ ಮೂಲಪ್ರತಿಗಳನ್ನು ಮಾತ್ರ ಎಣಿಸಿ ವಾಪಸು ತಗೊಳ್ಳಿ. ಇನ್ನೊಮ್ಮೆ ಬೇಕೆಂದರೆ ಮತ್ತೆ ಉಮರ್ಗಾ ಠಾಣೆಗೇ ಹೋಗಬೇಕು.