ರೈಲು ತಲುಪದ ರಾಜಧಾನಿ

ಹುಬ್ಬಳ್ಳಿಯಲ್ಲಿ ಸಂಜೆ ಹಂಪಿ ಎಕ್ಸ್‌ಪ್ರೆಸ್ ಏರಿದವನಿಗೆ ಬೆಂಗಳೂರು ಕಾಣುವುದು ಮರುದಿನದ ಬೆಳಗಿನ ಜಾವಕ್ಕೆ. ಗದಗ, ಕೊಪ್ಪಳಗಳನ್ನು ದಾಟಿ ಹೊಸಪೇಟೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ವಿಜಯನಗರದ ರಾಜಧಾನಿ ಕೆಲವೇ ಮೈಲಿಗಳಾಚೆ ಮಲಗಿದೆಯೆಂಬುದನ್ನು ಗಾಡಿಯ ಹೆಸರೇ ನೆನಪಿಸಬೇಕು. ಬಳ್ಳಾರಿ, ಗುಂತಕಲ್ಲುಗಳ ಬಳಸುದಾರಿ ನಿದ್ದೆಯಲ್ಲೇ ಕಳೆದುಹೋಗುವುದು ಪ್ರಯಾಣಿಕನ ಪುಣ್ಯ. ಬಹುಮಂದಿ ಇಳಿದುಬಿಡುವುದು ಇಂದಿನ ರಾಜಧಾನಿಯಲ್ಲಿಯೇ. ಕಚೇರಿಯ ಕೆಲಸಗಳೆಲ್ಲ ಇರುವುದು ಅಲ್ಲಿಯೇ ಅಲ್ಲವೇ!

ಇಳಿಯದೆ ಕುಳಿತವರಿಗೆ ಇದೇ ಹಳಿಯ ಮೇಲೆ ಇನ್ನೆರಡು ರಾಜಧಾನಿಗಳು ಬಾಕಿ. 1882ರಲ್ಲಿ ಮೈಸೂರನ್ನು ಮುಟ್ಟಿದ ಈ ಹಳಿ ಶ್ರೀರಂಗಪಟ್ಟಣದ ಕೋಟೆಯೊಳಗೇ ಹಾದುಹೋಗುತ್ತದೆ. ಜೋಡಿಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಶಸ್ತ್ರಾಗಾರವನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಬೇರೆಡೆಗೆ ಸರಿಸಿದರು. ಅಲ್ಲಿಂದ ಮೈಸೂರು ದೂರವಿಲ್ಲ.

ಆದರೆ ಶತಮಾನಗಳ ಕಾಲ ಗಂಗರ ರಾಜಧಾನಿಯಾಗಿದ್ದ ತಲಕಾಡಿಗೆ ರೈಲಿಲ್ಲ. ಹಳಿಯು ಮೈಸೂರಿನಿಂದ ದಕ್ಷಿಣಕ್ಕೆ ಹೊರಳಿ, ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಿ ಚಾಮರಾಜನಗರಕ್ಕೆ ಸಾಗುತ್ತದೆ. ಅಲ್ಲಿ ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ ಸೇತುವೆಯ ಮೇಲೆ ಎತ್ತಿನ ಗಾಡಿಯೂ ರೈಲೂ ಬಹುಕಾಲ ಜೊತೆಜೊತೆಯಾಗಿ ಓಡಾಡಿದವು. ಈಗ ರೈಲಿಗೆ ಬೇರೆ ಸೇತುವೆಯಿದೆ. ಕೆಳಗೆ ಹರಿಯುವ ಕಪಿಲೆ ಮಾತ್ರ ಹಳಿಯ ಹಂಗು ತೊರೆದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ ತಲಕಾಡಿನತ್ತ ನಡೆಯುತ್ತದೆ. ಪ್ರಯಾಣಿಕನೂ ಮೈಸೂರಿನಲ್ಲಿ ಇಳಿದು, ತಿ. ನರಸೀಪುರದ ಮಾರ್ಗವಾಗಿ ಹೋಗುವ ಬಸ್ಸನ್ನು ಹಿಡಿಯಬೇಕು.

ಅಲ್ಲಿ ಅರಮನೆಯಿಲ್ಲ, ಮರಳಿದೆ. ನಾಲ್ಕು ಹೆಜ್ಜೆಗೆ ಕಾಲು ಹೂತು ಚಪ್ಪಲಿ ಕೈಗೆ ಬರುತ್ತದೆ. ಪಾತಾಳೇಶ್ವರನ ದರ್ಶನಕ್ಕೆ ಮೆಟ್ಟಿಲಿಳಿಯಬೇಕು. ಚೋಳರನ್ನು ಹೊರಗಟ್ಟಿದ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣನ ಗುಡಿಯನ್ನೂ ಮರಳಿನಿಂದ ಬಿಡಿಸಿ ತೆಗೆಯಬೇಕಾಯಿತು. ಜನ ಇದನ್ನು ಅಲಮೇಲಮ್ಮನ ಶಾಪವೆನ್ನುತ್ತಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಮಡದಿ ಆಕೆ. ಒಡವೆಗಾಗಿ ಬೆನ್ನಟ್ಟಿದವರನ್ನು ಶಪಿಸಿ ಮಾಲಂಗಿಯ ಮಡುವಿಗೆ ಹಾರಿದಳಂತೆ. ವಿದ್ವಾಂಸರು ಬೊಟ್ಟು ಮಾಡುವುದು ಹೊಳೆಯ ಪಾತ್ರದ ಕಡೆಗೆ, ಮರಳನ್ನು ಹೊತ್ತು ತಂದ ಗಾಳಿಯ ಕಡೆಗೆ. ವಿದ್ವಾಂಸರ ಮಾತೇ ಸರಿ. ಆದರೂ ಹಂಪಿಯ ಮಗ್ಗುಲನ್ನೂ ಶ್ರೀರಂಗಪಟ್ಟಣದ ಕೋಟೆಯನ್ನೂ ಒಂದೇ ಗಾಡಿಯಲ್ಲಿ ದಾಟಿ ಬಂದವನಿಗೆ ಆಕೆಯ ಕಥೆ ಬೇರೆ ಸೀಮೆಯದೆನಿಸದು.

ಪಂಚಲಿಂಗ ದರ್ಶನ ಒದಗಿದ ಕಾರ್ತಿಕದಲ್ಲಿ ಊರು ತುಂಬುತ್ತದೆ. 2013ರಲ್ಲಿಯೂ 2020ರಲ್ಲಿಯೂ ಆ ಯೋಗ ಬಂದಿತ್ತು. ಉಳಿದ ದಿನಗಳಲ್ಲಿ ಮರದ ನೆರಳು, ಹೊಳೆಯ ಗಾಳಿ ಧಾರಾಳ. ರಾತ್ರಿಯ ಗಾಡಿಗೆ ಮೈಸೂರನ್ನು ಸೇರಬೇಕಾದವರು ಹಿಂದಿರುಗುವ ಬಸ್ಸಿನ ವೇಳೆಯನ್ನು ಮರಳಿಗೆ ಕಾಲಿಡುವ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.